ಹತ್ತನೇ ತರಗತಿಗೇ ಮುಗಿಯುವ ದೇಹದ ಪಾಠ

ಕರ್ನಾಟಕದಲ್ಲಿ ಪ್ರತಿ ವರ್ಷ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುತ್ತಾರೆ. ಅವರಲ್ಲಿ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರು ಒಂದು ಪಾಲು ಮಾತ್ರ. ಉಳಿದವರು ವಾಣಿಜ್ಯ, ಕಲೆ, ಐಟಿಐ, ಡಿಪ್ಲೊಮಾ ಎಂದು ಬೇರೆ ಬೇರೆ ದಾರಿ ಹಿಡಿಯುತ್ತಾರೆ; ಕೆಲವರು ಓದು ನಿಲ್ಲಿಸಿ ಹೊಲಕ್ಕೋ ಗಾರ್ಮೆಂಟ್ಸ್‌ಗೋ ಅಂಗಡಿಗೋ ದುಡಿಯಲು ಹೋಗುತ್ತಾರೆ. ಇವರೆಲ್ಲರ ಮಟ್ಟಿಗೆ ಮನುಷ್ಯನ ದೇಹದ ಬಗ್ಗೆ ಶಾಲೆ ಕಲಿಸುವ ಕೊನೆಯ ಪಾಠ ಹತ್ತನೇ ತರಗತಿಯ ವಿಜ್ಞಾನದ್ದೇ. ಮುಂದಿನ ಐವತ್ತು ಅರವತ್ತು ವರ್ಷ ಅವರು ಅದೇ ದೇಹದಲ್ಲಿ ಬದುಕುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ವಯಸ್ಸಾದ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಹಾಗಾಗಿ ಪ್ರೌಢಶಾಲೆಯ ಶರೀರರಚನೆಯ ಪಾಠವನ್ನು ಮುಂದೆ ವೈದ್ಯರಾಗುವ ಕೆಲವರ ಪೂರ್ವತಯಾರಿಯಂತೆ ನೋಡುವುದು ತಪ್ಪು. ಮತ್ತೆಂದೂ ಜೀವಶಾಸ್ತ್ರದ ಪುಸ್ತಕ ತೆರೆಯದ ವಿದ್ಯಾರ್ಥಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಅದನ್ನು ರೂಪಿಸಬೇಕು. ಆ ವಿದ್ಯಾರ್ಥಿಗೆ ಮೂರು ಸಂಗತಿಗಳು ದಕ್ಕಬೇಕು: ಯಾವ ಅಂಗ ತನ್ನ ಮೈಯಲ್ಲಿ ಎಲ್ಲಿದೆ ಎಂಬ ಅರಿವು, ಅದರ ರಚನೆಗೂ ಕೆಲಸಕ್ಕೂ ಇರುವ ನಂಟು, ಮತ್ತು ಆ ತಿಳಿವಳಿಕೆಯ ಬಲದಿಂದ ಕಷ್ಟದ ಹೊತ್ತಿನಲ್ಲಿ ಸರಿಯಾದ ತೀರ್ಮಾನ ಕೈಗೊಳ್ಳುವ ಶಕ್ತಿ.

ಮೊದಲನೆಯದು ತೀರಾ ಸಣ್ಣ ವಿಷಯ ಎನಿಸಬಹುದು. ಹೃದಯ ಎಲ್ಲಿದೆ ಎಂದು ಯಾರಿಗೆ ಗೊತ್ತಿಲ್ಲ? ಬಹಳ ಜನರಿಗೆ ಗೊತ್ತಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 722 ಮಂದಿಗೆ ದೇಹದ ಬಾಹ್ಯರೇಖೆಯ ಚಿತ್ರಗಳನ್ನು ತೋರಿಸಿ, ಯಾವುದರಲ್ಲಿ ಅಂಗ ಸರಿಯಾದ ಜಾಗದಲ್ಲಿದೆ ಎಂದು ಕೇಳಲಾಗಿತ್ತು. ಒಟ್ಟಾರೆ ಸರಿಯಾಗಿದ್ದದ್ದು ಹೆಚ್ಚುಕಡಿಮೆ ಅರ್ಧದಷ್ಟು ಉತ್ತರಗಳು. ಉತ್ತರಿಸಿದವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬಂದ ರೋಗಿಗಳೇ ಆಗಿದ್ದರು. 1970ರಲ್ಲಿ ಬ್ರಿಟನ್ನಿನಲ್ಲೇ ನಡೆದಿದ್ದ ಇಂಥದ್ದೇ ಅಧ್ಯಯನಕ್ಕೆ ಹೋಲಿಸಿದರೆ ಸುಮಾರು ನಾಲ್ಕು ದಶಕಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಆಗಿರಲಿಲ್ಲ. ಶಾಲಾ ಶಿಕ್ಷಣ ಕಡ್ಡಾಯವಾಗಿರುವ, ಟಿವಿ ಮತ್ತು ಅಂತರ್ಜಾಲ ಮನೆಮನೆಗೆ ತಲುಪಿದ ದೇಶದ ಪರಿಸ್ಥಿತಿ ಅದು. ಪುಸ್ತಕದ ಚಿತ್ರದಲ್ಲಿ ಗುರುತಿಸಿದ ಅಂಗವನ್ನು ಸ್ವಂತ ಮೈಯ ಮೇಲೆ ಗುರುತಿಸುವ ಅಭ್ಯಾಸವಿಲ್ಲದಿದ್ದರೆ ಕಲಿತದ್ದು ಉಳಿಯುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸೂಚನೆ.

ಈ ಅಭ್ಯಾಸಕ್ಕೆ ಖರ್ಚಿಲ್ಲ. ಕಾಲರ್ ಮೂಳೆ, ಎದೆಯ ನಡುವಿನ ಎದೆಮೂಳೆ, ಪಕ್ಕೆಲುಬಿನ ಕೆಳ ಅಂಚು, ಹೊಕ್ಕುಳು, ಸೊಂಟದ ಮೂಳೆಯ ತುದಿ: ಇಷ್ಟನ್ನು ಯಾವ ಹುಡುಗ ಹುಡುಗಿಯೂ ತಮ್ಮ ಬೆರಳಿನಿಂದಲೇ ಮುಟ್ಟಿ ನೋಡಬಹುದು. ಅಲ್ಲಿಂದ ಒಳಗಿನ ಲೋಕ ತೆರೆದುಕೊಳ್ಳುತ್ತದೆ. ಹೃದಯ ಎಡಗಡೆಯ ಮೂಲೆಯಲ್ಲಿಲ್ಲ. ಎದೆಮೂಳೆಯ ಹಿಂದೆ ನಡುವಿನಲ್ಲೇ ಇದ್ದು ತುದಿಯನ್ನು ಎಡಕ್ಕೆ ವಾಲಿಸಿಕೊಂಡಿದೆ. ಶ್ವಾಸಕೋಶದ ಮೇಲ್ತುದಿ ಕಾಲರ್ ಮೂಳೆಯನ್ನೂ ದಾಟಿ ಕುತ್ತಿಗೆಯ ಬುಡಕ್ಕೆ ಬರುತ್ತದೆ. ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಆಸರೆಯಲ್ಲಿದೆ. ಮೂತ್ರಪಿಂಡಗಳಿರುವುದು ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಹತ್ತಿರ. ಸೊಂಟ ನೋವು ಬಂದಾಗಲೆಲ್ಲ ಕಿಡ್ನಿ ಕೆಟ್ಟಿತೆಂದು ಹೆದರುವವರಿಗೆ ಇದೊಂದು ಸಂಗತಿಯೇ ಅರ್ಧ ಸಮಾಧಾನ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಹೃದಯದ ಬಡಿತ ಕೇಳಿದ್ದ. ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ನೋಟ್‌ಬುಕ್ಕಿನ ದಪ್ಪ ರಟ್ಟನ್ನು ಸುತ್ತಿ ಗೆಳೆಯನ ಎದೆಗಿಟ್ಟು ಆ ಶಬ್ದವನ್ನು ಇಂದಿನ ವಿದ್ಯಾರ್ಥಿಯೂ ಕೇಳಬಹುದು. ಲಬ್ ಡಬ್ ಎಂಬ ಆ ಎರಡು ಸದ್ದು ಹೃದಯದ ಕವಾಟಗಳು ಮುಚ್ಚಿಕೊಳ್ಳುವ ಸದ್ದು ಎಂದು ಆಗ ಹೇಳಿದರೆ ಕವಾಟ ಎಂಬುದು ಚಿತ್ರದೊಳಗಿನ ಗೆರೆಯಾಗಿ ಉಳಿಯುವುದಿಲ್ಲ.

ಎರಡನೆಯದು ರಚನೆ ಮತ್ತು ಕೆಲಸದ ನಂಟು. ಹೃದಯದ ಚಿತ್ರದಲ್ಲಿ ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ದಪ್ಪವಾಗಿರುವುದನ್ನು ಎಲ್ಲರೂ ಬರೆಯುತ್ತಾರೆ. ಬಲಭಾಗ ರಕ್ತವನ್ನು ತಳ್ಳಬೇಕಾದದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ, ಎಡಭಾಗ ತಳ್ಳಬೇಕಾದದ್ದು ತಲೆಯಿಂದ ಹೆಬ್ಬೆರಳಿನವರೆಗೆ ಇಡೀ ದೇಹಕ್ಕೆ, ಅದಕ್ಕಾಗಿ ಹಲವು ಪಟ್ಟು ಹೆಚ್ಚು ಒತ್ತಡ ಬೇಕು ಎಂದು ತಾನೇ ಊಹಿಸಿ ಹೇಳಬಲ್ಲ ವಿದ್ಯಾರ್ಥಿ ಮಾತ್ರ ಆ ಚಿತ್ರವನ್ನು ಅರ್ಥ ಮಾಡಿಕೊಂಡಂತೆ. ಅವನಿಗೆ ರಕ್ತದೊತ್ತಡದ ಕಾಯಿಲೆ ಯಾಕೆ ಹೃದಯವನ್ನು ದಣಿಸುತ್ತದೆ ಎಂದು ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ. ಒತ್ತಡದ ವಿರುದ್ಧ ವರ್ಷಗಟ್ಟಲೆ ದುಡಿದ ಸ್ನಾಯು ದಪ್ಪಗಾಗಿ, ಕೊನೆಗೆ ಸೋಲುತ್ತದೆ ಎಂಬುದು ಅದೇ ತರ್ಕದ ಮುಂದುವರಿಕೆ. ಹಾಗೆಯೇ ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳು ಯಾಕೆ ಅಷ್ಟು ತೆಳು ಎಂದು ತಿಳಿದವರಿಗೆ ಬೀಡಿಯ ಹೊಗೆಯೂ ಸೌದೆ ಒಲೆಯ ಹೊಗೆಯೂ ಅಲ್ಲಿ ಏನು ಮಾಡುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಬಗೆಯ ಯೋಚನೆಯನ್ನು ಕಲಿಸಲು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯ ಬಗ್ಗೆ ಪ್ರಕಟಿಸಿದ ವಾದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟಿ, ಅಂಗಾಂಗಗಳಿಗೆ ಹರಿದು, ಅಲ್ಲೇ ಖರ್ಚಾಗುತ್ತದೆ ಎಂದು ಸಾವಿರಕ್ಕೂ ಹೆಚ್ಚು ವರ್ಷ ಯುರೋಪಿನ ವೈದ್ಯರು ನಂಬಿದ್ದರು. ಹಾರ್ವೆ ಅದನ್ನು ಲೆಕ್ಕದಿಂದ ಪ್ರಶ್ನಿಸಿದ. ಇಂದಿನ ಅಂಕಿಗಳನ್ನೇ ಹಿಡಿದು ಆ ಲೆಕ್ಕ ಮಾಡೋಣ: ಒಂದು ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಬಡಿತ. ಅಂದರೆ ನಿಮಿಷಕ್ಕೆ ಹತ್ತಿರಹತ್ತಿರ 5 ಲೀಟರ್, ಗಂಟೆಗೆ 300 ಲೀಟರ್. ಮನುಷ್ಯನ ಇಡೀ ಮೈತೂಕದ ಹಲವು ಪಟ್ಟು ರಕ್ತವನ್ನು ಯಾವ ಊಟದಿಂದಲೂ ಗಂಟೆಗೊಮ್ಮೆ ಹೊಸದಾಗಿ ತಯಾರಿಸಲಾಗದು; ಅದೇ ರಕ್ತ ಸುತ್ತಿ ವಾಪಸ್ ಬರುತ್ತಿರಲೇಬೇಕು. ವಾಪಸಾಗುವ ದಾರಿಯನ್ನು ತೋರಿಸಲು ಅವನು ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಒತ್ತಿ, ರಕ್ತ ಹೃದಯದ ಕಡೆಗಷ್ಟೇ ಹರಿಯುತ್ತದೆ, ಕವಾಟಗಳು ಹಿಂದಕ್ಕೆ ಬಿಡುವುದಿಲ್ಲ ಎಂದು ಸಾಬೀತುಪಡಿಸಿದ. ಮುಂಗೈಯಲ್ಲಿ ನರದಂತೆ ಕಾಣುವ ಆ ನೀಲಿ ಗೆರೆಯ ಮೇಲೆ ಶಿಕ್ಷಕರ ಎದುರಿಗೆ ಎರಡು ನಿಮಿಷದಲ್ಲಿ ಯಾರೂ ಮಾಡಿ ನೋಡಬಹುದಾದ ಪ್ರಯೋಗ ಇದು. ಗುಣಾಕಾರ ಮತ್ತು ಎರಡು ಬೆರಳು ಸೇರಿ ಸಾವಿರ ವರ್ಷದ ನಂಬಿಕೆಯನ್ನು ಕೆಡವಬಲ್ಲವು ಎಂದು ಕಂಡುಕೊಂಡ ಮಗು ದೇಹವನ್ನಷ್ಟೇ ಕಲಿಯಲಿಲ್ಲ, ವಿಜ್ಞಾನ ನಡೆಯುವ ರೀತಿಯನ್ನೂ ಕಲಿಯಿತು.

ಮೂರನೆಯದು ತೀರ್ಮಾನ. ನಮ್ಮ ರಾಜ್ಯದಲ್ಲಿ ಹೃದಯದ ಬಗ್ಗೆ ಇರುವ ಭಯ ಎಷ್ಟೆಂದು ಎರಡು ಸಂದರ್ಭಗಳು ತೋರಿಸಿಕೊಟ್ಟಿವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬೆನ್ನಿಗೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. 2025ರಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವದಲ್ಲೂ ಅದೇ ನೂಕುನುಗ್ಗಲು. ಇದೇ ಜನರ ನಡುವೆ ಎದೆನೋವನ್ನು ಗ್ಯಾಸ್ ಎಂದು ತಳ್ಳಿಹಾಕಿ, ಸೋಡಾ ಕುಡಿದು, ಬೆಳಗಾಗಲಿ ನೋಡೋಣ ಎನ್ನುವುದೂ ಸಾಮಾನ್ಯ. ಅತಿಭಯ ಮತ್ತು ಅಸಡ್ಡೆ ಎರಡೂ ಒಂದೇ ಅಜ್ಞಾನದಿಂದ ಹುಟ್ಟುತ್ತವೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕೊರೊನರಿ ಅಪಧಮನಿ ಕಟ್ಟಿಕೊಂಡರೆ ನಿಮಿಷ ನಿಮಿಷಕ್ಕೂ ಸ್ನಾಯು ಸಾಯುತ್ತ ಹೋಗುತ್ತದೆ. ಹೃದಯದಿಂದ ಬರುವ ನೋವಿನ ನರಗಳು ಬೆನ್ನುಹುರಿಗೆ ಸೇರುವ ಮಟ್ಟದಲ್ಲೇ ತೋಳಿನ ಒಳಭಾಗದ ನರಗಳೂ ಸೇರುವುದರಿಂದ ಮಿದುಳು ನೋವಿನ ಮೂಲವನ್ನು ತಪ್ಪಾಗಿ ಓದಿಕೊಳ್ಳುತ್ತದೆ. ಎಡತೋಳು ಎಳೆಯುವುದು ಅದಕ್ಕೆ. ನೋವು ದವಡೆಗೂ ಬೆನ್ನಿಗೂ ಹೊಟ್ಟೆಯ ಮೇಲ್ಭಾಗಕ್ಕೂ ಹೋಗಬಹುದು. ಇದನ್ನು ಕಾರಣಸಮೇತ ತಿಳಿದವರು ಲಕ್ಷಣಗಳ ಪಟ್ಟಿಯನ್ನು ಮರೆತರೂ ಅಪಾಯವನ್ನು ಮರೆಯುವುದಿಲ್ಲ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಆದರೆ ಆ ಚುಚ್ಚುಮದ್ದು ಕೆಲಸಕ್ಕೆ ಬರಬೇಕಾದರೆ ಮನೆಯಲ್ಲಿ ಯಾರಾದರೂ ಇದು ಗ್ಯಾಸ್ ಇರಲಾರದು, ಈಗಲೇ ಹೊರಡೋಣ ಎನ್ನಬೇಕು. ಆ ಮಾತು ಹೇಳುವವರನ್ನು ತಯಾರು ಮಾಡಬೇಕಾದದ್ದು ಶಾಲೆ.

ಹೃದಯಾಘಾತ ಮತ್ತು ಹೃದಯಸ್ತಂಭನ ಬೇರೆ ಬೇರೆ ಎಂಬುದೂ ಇದೇ ಪಾಠದ ಭಾಗ. ಮೊದಲನೆಯದರಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ, ರೋಗಿ ಮಾತನಾಡುತ್ತಿರಬಹುದು. ಎರಡನೆಯದರಲ್ಲಿ ಹೃದಯದ ಪಂಪೇ ನಿಂತಿರುತ್ತದೆ, ಮಿದುಳಿಗೆ ಉಳಿದಿರುವುದು ಕೆಲವೇ ನಿಮಿಷ. ಆಗ ಎದೆಮೂಳೆಯ ಕೆಳ ಅರ್ಧಭಾಗದ ಮೇಲೆ ಅಂಗೈಯ ಬುಡವಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಒತ್ತುವುದು ಅಲ್ಲೇ ಯಾಕೆ ಎಂಬುದು ಶುದ್ಧ ಶರೀರರಚನೆಯ ಪ್ರಶ್ನೆ: ಎದೆಮೂಳೆಗೂ ಬೆನ್ನೆಲುಬಿಗೂ ನಡುವೆ ಹೃದಯ ಇರುವುದರಿಂದ. ನಾರ್ವೆ 1961ರಿಂದಲೇ ಇದನ್ನು ಶಾಲೆಗಳಲ್ಲಿ ಕಲಿಸುತ್ತ ಬಂದಿದೆ. 12 ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಇದನ್ನು ಕಲಿಸಬೇಕೆಂಬ ಸಲಹೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬೆಂಬಲ ಕೊಟ್ಟಿತು. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ ಕಡ್ಡಾಯ ಮಾಡಿತು; ಅಲ್ಲಿ ಆಸ್ಪತ್ರೆಯ ಹೊರಗೆ ಕುಸಿದುಬಿದ್ದವರಿಗೆ ಪಕ್ಕದಲ್ಲಿದ್ದವರೇ ಎದೆ ಒತ್ತಿದ ಪ್ರಕರಣಗಳು 2001ರಲ್ಲಿ ಶೇ 21ರಷ್ಟಿದ್ದದ್ದು 2010ರ ಹೊತ್ತಿಗೆ ಶೇ 45ರ ಸಮೀಪಕ್ಕೆ ಏರಿದವು, ಮೂವತ್ತು ದಿನ ದಾಟಿ ಬದುಕಿದವರ ಪ್ರಮಾಣ ಶೇ 3.5ರಿಂದ ಶೇ 10.8ಕ್ಕೆ ಏರಿತು. ಆ ಅವಧಿಯಲ್ಲಿ ಚಿಕಿತ್ಸೆಯೂ ಆಂಬುಲೆನ್ಸ್ ಸೇವೆಯೂ ಸುಧಾರಿಸಿದ್ದರಿಂದ ಪೂರ್ತಿ ಶ್ರೇಯಸ್ಸು ಶಾಲೆಗೆ ಸಲ್ಲದು. ಆದರೂ ಬಿದ್ದವರ ಎದೆ ಒತ್ತಲು ಮುಂದಾಗುವವರ ಪ್ರಮಾಣ ದುಪ್ಪಟ್ಟಾದದ್ದರಲ್ಲಿ ಕಲಿಸಿದ್ದರ ಪಾಲೂ ಇರಬಹುದು.

ಅರ್ಧ ಕಲಿತ ಶರೀರರಚನೆ ಎಷ್ಟು ಅಪಾಯಕಾರಿ ಎಂದು ನೋಡಬೇಕಾದರೆ ಹಾವು ಕಡಿತದ ಉದಾಹರಣೆ ಇದೆ. 2000ದಿಂದ 2019ರವರೆಗಿನ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಯವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ರಕ್ತದ ಮೂಲಕ ವಿಷ ಏರುತ್ತದೆ ಎಂದಷ್ಟೇ ತಿಳಿದವರು ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯುತ್ತಾರೆ. ಬಿಗಿದ ಕಟ್ಟು ಅಪಧಮನಿಯ ರಕ್ತವನ್ನೂ ತಡೆದು ಕೈಕಾಲು ಕೊಳೆಯುವಂತೆ ಮಾಡಬಹುದು, ಬಿಚ್ಚಿದ ಕೂಡಲೇ ವಿಷ ಒಮ್ಮೆಗೇ ನುಗ್ಗಬಹುದು. ವಿಷದ ಬಹುಪಾಲು ಹರಡುವುದು ದುಗ್ಧರಸ ನಾಳಗಳ ಮೂಲಕ, ಸ್ನಾಯು ಅಲುಗಿದಷ್ಟೂ ಅದರ ಓಟ ಜೋರು. ಇಷ್ಟು ಗೊತ್ತಿದ್ದರೆ ಮಾಡಬೇಕಾದದ್ದು ತಾನಾಗಿ ಹೊಳೆಯುತ್ತದೆ: ಕಟ್ಟಬೇಡಿ, ಕೊಯ್ಯಬೇಡಿ, ಕಚ್ಚಿದ ಕೈಕಾಲನ್ನು ಅಲುಗಿಸದಂತೆ ಇಟ್ಟು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ದುಗ್ಧರಸ ನಮ್ಮ ಪುಸ್ತಕದಲ್ಲಿ ಒಂದು ಪ್ಯಾರಾದಲ್ಲಿ ಮುಗಿದುಹೋಗುತ್ತದೆ. ಹೊಲದಲ್ಲಿ ಅದು ಜೀವದ ಪ್ರಶ್ನೆ.

ಹದಿಹರೆಯದವರ ಸ್ವಂತ ದೇಹವೂ ಪಾಠದಲ್ಲಿ ಇರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ 15ರಿಂದ 19 ವರ್ಷದ ಭಾರತೀಯ ಹುಡುಗಿಯರಲ್ಲಿ ಶೇ 59ರಷ್ಟು, ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಪಾಠವನ್ನು ಓದುತ್ತಿರುವ ಹುಡುಗಿಯರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದರ ಕೊರತೆ. ಮುಟ್ಟಿನಲ್ಲಿ ಹೋಗುವ ರಕ್ತ, ಊಟದಲ್ಲಿ ಸಿಗದ ಕಬ್ಬಿಣ, ಮೆಟ್ಟಿಲು ಹತ್ತುವಾಗಿನ ಏದುಸಿರು, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ: ಈ ನಾಲ್ಕನ್ನೂ ಒಂದೇ ಎಳೆಯಲ್ಲಿ ಪೋಣಿಸದಿದ್ದರೆ ಮಾತ್ರೆ ಕಸದ ಬುಟ್ಟಿ ಸೇರುತ್ತದೆ. ಹದಿನಾರರ ಹುಡುಗನ ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇನ್ನೂ ಇದೆ, ಅದಕ್ಕೆ ಪೆಟ್ಟು ಬಿದ್ದರೆ ಮೂಳೆಯ ಬೆಳವಣಿಗೆಯೇ ಏರುಪೇರಾಗಬಹುದು, ಮೈಕಟ್ಟಿನ ಆಸೆಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಅದು ಬೇಗ ಮುಚ್ಚಿಹೋಗಿ ಎತ್ತರ ನಿಂತುಬಿಡಬಹುದು ಎಂಬುದು ಜಿಮ್ಮಿಗೆ ಕಾಲಿಡುವ ಮೊದಲೇ ಅವನಿಗೆ ತಿಳಿದಿರಬೇಕು.

ತಿಳಿವಳಿಕೆ ಸ್ವಂತ ಮೈಯನ್ನು ದಾಟಿ ಇನ್ನೊಬ್ಬರಿಗೂ ಆಗುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ, 2021ರಲ್ಲಿ ಪುನೀತ್ ಅವರ ಕಣ್ಣುಗಳ ದಾನವಾಯಿತು. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೇಗೆ ಎಂದು ಬಹಳ ಜನ ಅಚ್ಚರಿಪಟ್ಟರು. ಉತ್ತರ ಕಣ್ಣಿನ ರಚನೆಯಲ್ಲೇ ಇದೆ. ಕಸಿ ಮಾಡುವುದು ಇಡೀ ಕಣ್ಣುಗುಡ್ಡೆಯನ್ನಲ್ಲ, ಅದರ ಮುಂಭಾಗದ ಪಾರದರ್ಶಕ ಕಾರ್ನಿಯಾವನ್ನು. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಅದರಲ್ಲೂ ಪದರಗಳಿವೆ. ಮೇಲಿನ ಪದರ ಕೆಟ್ಟವರಿಗೆ ಮೇಲಿನದನ್ನೂ ಒಳಗಿನ ಪದರ ಕೆಟ್ಟವರಿಗೆ ಒಳಗಿನದನ್ನೂ ಜೋಡಿಸಿದ್ದರಿಂದ ಒಂದು ಕಣ್ಣು ಇಬ್ಬರಿಗೆ ಒದಗಿತು. ಮಿದುಳಿನ ಕಾಂಡ ಸತ್ತಮೇಲೂ ಯಂತ್ರದ ನೆರವಿನಿಂದ ಹೃದಯ ಬಡಿಯುತ್ತಿರಬಹುದು ಎಂಬುದನ್ನೂ ಹೀಗೆಯೇ ವಿವರಿಸಬಹುದು. ಅಪಘಾತದ ಆಘಾತದಲ್ಲಿರುವ ಕುಟುಂಬ ಅಂಗಾಂಗ ದಾನದ ಮಾತನ್ನು ಮೊದಲ ಬಾರಿಗೆ ಐಸಿಯು ಬಾಗಿಲಲ್ಲಿ ಕೇಳುವ ಸ್ಥಿತಿ ಬರಬಾರದು.

ಇದಕ್ಕೆಲ್ಲ ಆಕ್ಷೇಪಗಳಿವೆ. ಮೊದಲನೆಯದು ಮುಜುಗರ. ಸಂತಾನೋತ್ಪತ್ತಿ ಅಂಗಗಳ ಪಾಠವನ್ನು ಮನೆಯಲ್ಲೇ ಓದಿಕೊಳ್ಳಿ ಎನ್ನುವ ತರಗತಿಗಳು ಇಂದಿಗೂ ಇವೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಇಂಥ ಪಾಠ ಮಕ್ಕಳನ್ನು ದಾರಿ ತಪ್ಪಿಸುತ್ತದೆ ಎಂಬ ಹೆತ್ತವರ ಆತಂಕ ಅವರ ಪ್ರೀತಿಯಿಂದಲೇ ಬಂದದ್ದು, ಅದಕ್ಕೆ ಗೌರವದ ಉತ್ತರ ಕೊಡಬೇಕು. ಯುನೆಸ್ಕೊ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದಾಗ ಈ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚಾಗುವುದಿಲ್ಲ ಎಂದೇ ಕಂಡುಬಂದಿದೆ. ಇನ್ನೊಂದು ಗಂಭೀರ ಕಾರಣವೂ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ತನ್ನ ಅಂಗಗಳ ಸರಿಯಾದ ಹೆಸರೇ ಗೊತ್ತಿಲ್ಲದ ಮಗು ತನಗಾದದ್ದನ್ನು ತಾಯಿಗೆ, ವೈದ್ಯರಿಗೆ, ನ್ಯಾಯಾಲಯಕ್ಕೆ ಹೇಗೆ ಹೇಳಬೇಕು? ಮುಟ್ಟಿನ ಪಾಠವನ್ನು ಹುಡುಗರೂ ಕೂತು ಕೇಳಬೇಕು. ನಾಳೆ ಅವರು ಗಂಡ, ಅಪ್ಪ, ಮೇಲಧಿಕಾರಿ ಆಗುವವರು.

ಎರಡನೆಯ ಆಕ್ಷೇಪ: ನೀಟ್ ಬರೆಯುವವರಿಗೆ ಪಾರಿಭಾಷಿಕ ಪದಗಳೂ ಸೂಕ್ಷ್ಮ ವಿವರಗಳೂ ಬೇಕು, ಬುನಾದಿ ಈಗಲೇ ಬೀಳಬೇಕು. ಹೆಸರುಗಳು ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಕಿಣ್ವಗಳ ಪೂರ್ತಿ ಪಟ್ಟಿ, ನೆಫ್ರಾನಿನ ಪ್ರತಿ ತಿರುವಿನ ಹೆಸರು ಪಿಯುಸಿಯವರೆಗೆ ಕಾಯಬಲ್ಲವು. ಜೀವಶಾಸ್ತ್ರ ಆಯ್ದುಕೊಂಡವರು ಅಲ್ಲಿ ಹೇಗೂ ಅವನ್ನು ಮತ್ತೆ ಓದುತ್ತಾರೆ. ಆಯ್ದುಕೊಳ್ಳದವರಿಗೆ ಎದೆ ಒತ್ತುವುದನ್ನು ಕಲಿಯಲು ಎರಡನೆಯ ಅವಕಾಶವಿಲ್ಲ. ವೈದ್ಯರಾಗುವವರಿಗೂ ಬಾಯಿಪಾಠಕ್ಕಿಂತ ನೋಟ ಮುಖ್ಯ. ಮನುಷ್ಯನ ಕೆಳದವಡೆ ಎರಡು ಮೂಳೆಗಳಿಂದಾದದ್ದೆಂದು ಪ್ರಾಚೀನ ವೈದ್ಯ ಗೇಲನ್ ಬರೆದದ್ದನ್ನು ಶತಮಾನಗಳ ಕಾಲ ವೈದ್ಯ ವಿದ್ಯಾರ್ಥಿಗಳು ಒಪ್ಪಿಸುತ್ತ ಬಂದರು. 1543ರಲ್ಲಿ ಶರೀರರಚನಾ ತಜ್ಞ ವೆಸೇಲಿಯಸ್ ತನ್ನ ಗ್ರಂಥದಲ್ಲಿ ಅದು ಒಂದೇ ಮೂಳೆ ಎಂದು ತೋರಿಸಿದ್ದು ಹೆಚ್ಚು ಹೆಸರು ಬಲ್ಲವನಾಗಿದ್ದರಿಂದಲ್ಲ, ದೇಹವನ್ನು ತಾನೇ ಬಿಡಿಸಿ ನೋಡಿದ್ದರಿಂದ.

ಮೂರನೆಯದು, ಅರೆಬರೆ ತಿಳಿವಳಿಕೆಯಿಂದ ಮಕ್ಕಳು ತಾವೇ ವೈದ್ಯರಾಗಿಬಿಡುತ್ತಾರೆ ಎಂಬ ಭಯ. ಶಾಲೆ ಸುಮ್ಮನಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಮೊಬೈಲಿನ ವಿಡಿಯೊ, ಪುಡಿ ಮಾರುವವರ ಜಾಹೀರಾತು, ವಾಟ್ಸ್‌ಆ್ಯಪ್ ಸಂದೇಶ ಅದನ್ನು ತುಂಬುತ್ತವೆ. ಒಳ್ಳೆಯ ಪಾಠ ತಿಳಿವಳಿಕೆಯ ಗಡಿಯನ್ನೂ ಕಲಿಸುತ್ತದೆ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು ನಿಂತರೆ ಅಪೆಂಡಿಕ್ಸ್ ಇರಬಹುದು, ಮಾತ್ರೆ ನುಂಗಿ ಕಾಯಬಾರದು ಎಂದು ತಿಳಿದವನು ಚಿಕಿತ್ಸೆ ಮಾಡಲು ಹೋಗುವುದಿಲ್ಲ, ಬೇಗ ವೈದ್ಯರ ಬಳಿ ಹೋಗುತ್ತಾನೆ. ಮುಖ ಒಂದು ಬದಿಗೆ ಜೋತು, ಒಂದು ಕೈ ಸೋತು, ಮಾತು ತೊದಲಿದರೆ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತಿರಬಹುದು, ಹೆಪ್ಪು ಕರಗಿಸುವ ಔಷಧಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಎಂದು ತಿಳಿದವಳೂ ಹಾಗೆಯೇ.

ಕೊನೆಯದು ಸಮಯ, ಸಲಕರಣೆ, ತರಬೇತಿಯ ಕೊರತೆ. ಇದು ನಿಜವಾದ ತೊಡಕು. ಒಬ್ಬರೇ ವಿಜ್ಞಾನ ಶಿಕ್ಷಕರು ಭೌತಶಾಸ್ತ್ರದಿಂದ ಜೀವಶಾಸ್ತ್ರದವರೆಗೆ ಎಳೆಯುವ ಶಾಲೆಗೆ ಇನ್ನೊಂದು ಪುಸ್ತಕ ಹೇರಿದರೆ ಏನೂ ಆಗದು. ಆದರೆ ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಬೇಕಾದದ್ದು ನಾಡಿ, ಬೆರಳು, ಕಾಗದ, ಗಡಿಯಾರ. ಎದೆ ಒತ್ತುವ ಅಭ್ಯಾಸವನ್ನು ದೈಹಿಕ ಶಿಕ್ಷಣದ ಅವಧಿಯಲ್ಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯ ನೆರವಿನಿಂದ ಕಲಿಸಬಹುದು. ಮಾಂಸದಂಗಡಿಯಿಂದ ತಂದ ಕುರಿಯ ಗುಂಡಿಗೆ ಕವಾಟಗಳನ್ನು ಯಾವ ಮಾದರಿಗಿಂತಲೂ ಚೆನ್ನಾಗಿ ತೋರಿಸುತ್ತದೆ. ಅದು ಒಗ್ಗದ ತರಗತಿಗೆ ಮಾದರಿಯೂ ವಿಡಿಯೊವೂ ಸಾಕು. ನಿಜವಾದ ಬದಲಾವಣೆ ಬೇಕಾದದ್ದು ಪ್ರಶ್ನೆಪತ್ರಿಕೆಯಲ್ಲಿ. ಚಿತ್ರ ಬರೆದು ಭಾಗ ಗುರುತಿಸಿ ಎಂಬ ಪ್ರಶ್ನೆಯ ಜೊತೆಗೆ, ಎಡ ಹೃತ್ಕುಕ್ಷಿಯ ಕವಾಟ ಸರಿಯಾಗಿ ಮುಚ್ಚದಿದ್ದರೆ ಆ ವ್ಯಕ್ತಿಗೆ ಮೆಟ್ಟಿಲು ಹತ್ತುವಾಗ ಏನಾದೀತು, ಯಾಕೆ ಎಂದೂ ಕೇಳಿದರೆ ಪಾಠ ಹೇಳುವ ರೀತಿ ತಾನಾಗಿ ಬದಲಾಗುತ್ತದೆ. ಪರೀಕ್ಷೆ ಕೇಳಿದ್ದನ್ನೇ ತರಗತಿ ಕಲಿಸುವುದು.

ಈ ಬದಲಾವಣೆಯ ಫಲ ವಿದ್ಯಾರ್ಥಿಯೊಬ್ಬನಲ್ಲಿ ನಿಲ್ಲುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹತ್ತನೇ ತರಗತಿ ಪಾಸಾದ ಮಗಳು ಅಥವಾ ಮಗನೇ ಹೆಚ್ಚು ಓದಿದವರು. ಆಸ್ಪತ್ರೆಯ ಚೀಟಿ ತುಂಬುವವರು, ರಕ್ತಪರೀಕ್ಷೆಯ ವರದಿ ಓದುವವರು, ವೈದ್ಯರು ಅವಸರದಲ್ಲಿ ಹೇಳಿದ್ದನ್ನು ಅಜ್ಜಿಗೆ ಬಿಡಿಸಿ ಹೇಳುವವರು, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ ಏನು ಬರೆದಿದೆ ಎಂದು ಕೇಳುವವರು ಅವರೇ. ತಿಳಿದು ಕೊಡುವ ಒಪ್ಪಿಗೆಗೂ ಹೆದರಿ ಹಾಕುವ ಸಹಿಗೂ ನಡುವಿನ ಅಂತರ ಇಂಥ ಒಬ್ಬರು ಮನೆಯಲ್ಲಿ ಇದ್ದಾರೆಯೇ ಎಂಬುದರ ಮೇಲೆ ನಿಂತಿದೆ. ಪ್ರತಿ ಮನೆಗೂ ಒಬ್ಬ ವೈದ್ಯರನ್ನು ಕೊಡುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ದೇಹವನ್ನು ಅರಿತ, ಅಪಾಯವನ್ನು ಗುರುತಿಸಬಲ್ಲ, ವೈದ್ಯರಿಗೆ ಸರಿಯಾದ ಪ್ರಶ್ನೆ ಕೇಳಬಲ್ಲ ಒಬ್ಬರನ್ನು ಪ್ರತಿ ಮನೆಗೂ ಕೊಡುವುದು ಪ್ರೌಢಶಾಲೆಗೆ ಸಾಧ್ಯ. ಶರೀರರಚನೆಯ ಪಾಠಕ್ಕೆ ಇದಕ್ಕಿಂತ ದೊಡ್ಡ ಗುರಿ ಬೇಕಿಲ್ಲ, ಇದಕ್ಕಿಂತ ಚಿಕ್ಕದನ್ನು ಒಪ್ಪಿಕೊಳ್ಳಲೂ ಬಾರದು.